ಉತಾರದಿಂದ ಇನಾಮು ದಫ್ತರದವರೆಗೆ: ನಮ್ಮ ಹಿರಿಯರನ್ನು ಹುಡುಕಿದ ಅನುಭವ

ನಮ್ಮದು ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಗೌಡಕಿಯ, ಅಂದರೆ ಊರಗೌಡನ ಅಧಿಕಾರ ನಡೆಸಿಕೊಂಡು ಬಂದ, ಮನೆತನ. ತಂದೆಯವರಿಗೆ ತಮ್ಮ ಮುತ್ತಜ್ಜನಿಂದ ಆಚೆಗೆ ಯಾರ ಹೆಸರೂ ಗೊತ್ತಿರಲಿಲ್ಲ. ಬ್ರಿಟಿಷರ ಕಾಲದ ಹಿರಿಯರನ್ನು ಕಾಗದಪತ್ರಗಳಲ್ಲಿ ಹುಡುಕಲು ಹೊರಟ ನಾನು ಮೊದಲು ಹಿಡಿದದ್ದು ಜಮೀನಿನ ಉತಾರವನ್ನು, ಅಂದರೆ ಪಹಣಿಯನ್ನು. ಧಾರವಾಡವು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯಿದೆ 1903ರಲ್ಲಿ ಬಂದಿತು. ಆ ಬಳಿಕ ಜಮೀನಿನ ಒಡೆಯರು ತೀರಿಕೊಂಡಾಗ ವಾರಸುದಾರರ ಹೆಸರನ್ನು ಡೈರಿಯಲ್ಲಿ, ಅಂದರೆ ಹಕ್ಕು ಬದಲಾವಣೆಯ ಪುಸ್ತಕದಲ್ಲಿ, ಬರೆಯಿಸಬೇಕಾಗುತ್ತಿತ್ತು. ಇಂದಿನ ಪಹಣಿಯಿಂದ ಡೈರಿಯ ಒಂದೊಂದೇ ನಂಬರನ್ನು ಹಿಡಿದು ಹಿಂದಕ್ಕೆ ಹೋದಾಗ, 1918ರ ಕೊನೆಗೆ ಒಂದೇ ಮನೆಯಲ್ಲಿ ಮೂರು ವಾರಸಾ ನೋಂದಣಿಗಳು ಸಾಲಾಗಿ ಕಾಣಿಸಿದವು. ಅದು ಇನ್‌ಫ್ಲೂಯೆಂಜಾ ಜ್ವರ ಊರೂರುಗಳನ್ನು ಬರಿದು ಮಾಡಿದ ವರ್ಷ. ಅಜ್ಜ ಎಳವೆಯಲ್ಲಿಯೇ ತಬ್ಬಲಿಯಾದದ್ದೇಕೆ ಎಂಬುದು ನನಗೆ ಅಂದು ಅರ್ಥವಾಯಿತು.

ಹೆಚ್ಚು ಕಾಡಿದ ತೊಡಕು ಹೆಸರುಗಳದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ನಮ್ಮಲ್ಲಿ ಎರಡೇ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತವೆ. ಆದ್ದರಿಂದ ‘ಬಿನ್’ (ಇಂಥವರ ಮಗ) ಎಂದು ತಂದೆಯ ಹೆಸರು ಕೂಡಿದ್ದರೂ ಅದು ಯಾವ ತಲೆಮಾರಿನ ಜೋಡಿ ಎಂಬುದು ತಿಳಿಯುವುದಿಲ್ಲ. ನಾನು ಎರಡು ಬಾರಿ ಒಂದು ತಲೆಮಾರನ್ನೇ ಹಾರಿಸಿ, ಮೊಮ್ಮಗನನ್ನು ಅಜ್ಜನೆಂದು ಬರೆದುಕೊಂಡೆ. ಕೊನೆಗೆ ಆಸರೆಯಾದದ್ದು ‘ಕೋಂ’ (ಇಂಥವರ ಹೆಂಡತಿ) ಎಂಬ ಪುಟ್ಟ ಪದ. ಗಂಡಸರ ಹೆಸರು ಮರುಕಳಿಸಿದರೂ ಹೆಂಡಂದಿರ ಹೆಸರುಗಳು ಬೇರೆ ಬೇರೆಯಾಗಿದ್ದವು. ವಿಧವೆಯ ಹೆಸರಿನಲ್ಲಿ ನೋಂದಣಿಯಾದ ಪ್ರತಿಯೊಂದು ಹೊಲವೂ ನನಗೆ ಒಂದು ತಲೆಮಾರನ್ನು ಗಟ್ಟಿಮಾಡಿಕೊಟ್ಟಿತು.

1903ಕ್ಕಿಂತ ಹಿಂದಿನದಕ್ಕೆ ವತನದ, ಅಂದರೆ ವಂಶಪಾರಂಪರ್ಯದ ಊರ ಅಧಿಕಾರದ, ಕಾಗದಗಳನ್ನು ನೋಡಬೇಕಾಯಿತು. 1874ರ ವತನ ಕಾಯಿದೆಯ ಪ್ರಕಾರ ಗೌಡಕಿಯನ್ನು ನಡೆಸುವ ಹಕ್ಕು ಯಾವ ಯಾವ ಶಾಖೆಗೆ ಸೇರಿದ್ದೆಂಬುದನ್ನು ಸರಕಾರ ನಿರ್ಣಯಿಸುತ್ತಿತ್ತು. ತಕ್ಷೀಮದಾರರ (ವತನದ ಪಾಲುದಾರರ) ನಡುವೆ ವ್ಯಾಜ್ಯ ಎದ್ದಾಗ ವಂಶಾವಳಿಯನ್ನು ಹಾಜರುಪಡಿಸಲೇಬೇಕಾಗಿತ್ತು. ಹಿರಿಯರ ಜಗಳಗಳು ಈ ಮಟ್ಟಿಗೆ ನನಗೆ ಉಪಕಾರ ಮಾಡಿವೆ. ಗೌಡಕಿಯ ಹೊರತಾಗಿ ದೊರೆಗಳಿಂದ ಕೊಡುಗೆಯಾಗಿ ಬಂದ ಒಂದು ತುಂಡು ಇನಾಮು ಭೂಮಿಯೂ ಇದ್ದುದರಿಂದ, 1852ರ ಕಾಯಿದೆಯಂತೆ ನಡೆದ ಇನಾಮು ಚೌಕಾಶಿಯ (ವಿಚಾರಣೆಯ) ಕಾಗದಗಳಿಗಾಗಿ ಪುಣೆಯ ಪುರಾಭಿಲೇಖಾಗಾರಕ್ಕೆ ಹೋದೆ. ಭೂಮಿಯನ್ನು ಮೊದಲು ಪಡೆದವನಿಂದ ತನ್ನವರೆಗಿನ ಸಂಬಂಧವನ್ನು ಇನಾಮುದಾರನು ಅಲ್ಲಿ ತೋರಿಸಬೇಕಾಗಿತ್ತು.

ಆ ಕಾಗದಗಳು ಮರಾಠಿಯನ್ನು ವೇಗವಾಗಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದವು. ಲೇಖನಿಯನ್ನು ಎತ್ತದೆ ಬರೆದ ಆ ಅಕ್ಷರಗಳಲ್ಲಿ ಹ್ರಸ್ವ ದೀರ್ಘಗಳ ಭೇದವೂ ಇರುವುದಿಲ್ಲವಾದ್ದರಿಂದ ಊರಿನ ಹೆಸರನ್ನು ಗುರುತಿಸಲೂ ನನಗೆ ತಿಂಗಳುಗಳು ಬೇಕಾದವು. ಇಸವಿಯಂತೂ ಅರಬ್ಬಿ ಮಾತುಗಳಲ್ಲಿತ್ತು: ‘ಸಲಾಸ ಮಯಾತೈನ ವ ಅಲಫ’, ಅಂದರೆ ಮೂರು, ಇನ್ನೂರು, ಸಾವಿರ. ಹೀಗೆ ದೊರೆತ, ಮರಾಠರ ಆಡಳಿತದಲ್ಲಿ ಬಳಕೆಯಲ್ಲಿದ್ದ ಸುಹೂರ್ ಸನ್ ಎಂಬ ವರ್ಷಗಣನೆಯ 1203ಕ್ಕೆ 599 ಕೂಡಿಸಿದರೆ 1802–03 ಬರುತ್ತದೆ. ಅದು ಪೇಶವೆಯರ ಕಾಲದ ಸನದಿನ (ಭೂಮಿ ಕೊಟ್ಟ ಆಜ್ಞಾಪತ್ರದ) ನಕಲು. ಅದರಲ್ಲಿದ್ದ ಹೆಸರೇ ನಾನು ಕಾಗದದಲ್ಲಿ ಮುಟ್ಟಿದ ಅತ್ಯಂತ ಹಿಂದಿನ ಹಿರಿಯರದು.

ಹೀಗೆ ಕೂಡಿಸಿದ ವಂಶಾವಳಿಯನ್ನು, ಸುಗ್ಗಿ ಮುಗಿದ ಮೇಲೆ ಊರಿಗೆ ಬಂದ ನಮ್ಮ ಮನೆತನದ ಹೆಳವರಿಗೆ, ಅಂದರೆ ಮನೆತನಗಳ ವಂಶಾವಳಿಯನ್ನು ಬರೆದಿಟ್ಟು ಹೇಳುವವರಿಗೆ, ಓದಿ ಹೇಳಿದೆ. ಅವರು ತಮ್ಮ ಕಡತವನ್ನು ತಿರುವಿ ಒಂದು ಹೆಸರಿನ ಹತ್ತಿರ ನಿಂತರು. “ಗೌಡ್ರ, ಇವರು ಹೊಟ್ಟೀಲೆ ಹುಟ್ಟಿದ ಮಗ ಅಲ್ರಿ, ಸಣ್ಣ ಮನಿಯಿಂದ ದತ್ತಕ ಬಂದವ್ರು” ಎಂದರು. ಸಣ್ಣ ಮನೆ ಎಂದರೆ ಮನೆತನದ ಕಿರಿಯ ಶಾಖೆ. ವತನದ ಪುಸ್ತಕದಲ್ಲಿ ಅವರನ್ನು ಬರಿದೆ ಮಗ ಎಂದು ಬರೆಯಲಾಗಿತ್ತು. ಹಳೆಯ ಕಟ್ಟನ್ನು ಮತ್ತೆ ಬಿಡಿಸಿ ಹುಡುಕಿದಾಗ, ದತ್ತಕಕ್ಕಾಗಿ ವಿಧವೆಯೊಬ್ಬಳು ಹೆಬ್ಬೆರಳೊತ್ತಿ ಕೊಟ್ಟ ಅರ್ಜಿ ಸಿಕ್ಕಿತು. ತನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆಂದು ಅವಳು ಅದರಲ್ಲಿ ಹೇಳಿದ್ದಾಳೆ, ಆದರೆ ಅವರ ಹೆಸರುಗಳಿಲ್ಲ. ವತನ ಕಾಯಿದೆಗೆ 1886ರಲ್ಲಿ ಆದ ತಿದ್ದುಪಡಿಯಂತೆ ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಉಳಿದ ಹೆಂಗಸರ ಹಕ್ಕನ್ನು ಮನೆತನದ ಎಲ್ಲ ಗಂಡಸರ ನಂತರಕ್ಕೆ ತಳ್ಳಲಾಗಿತ್ತು. ಹೀಗಾಗಿ ಆ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಅಗತ್ಯ ಯಾವ ಗುಮಾಸ್ತನಿಗೂ ಬೀಳಲಿಲ್ಲ.

ವಂಶಾವಳಿಯಲ್ಲಿ ಈಗ ರಕ್ತದ ಗೆರೆಯನ್ನೂ ವತನದ ಗೆರೆಯನ್ನೂ ಬೇರೆ ಬೇರೆಯಾಗಿ ಎಳೆದಿದ್ದೇನೆ. ಆ ಇಬ್ಬರು ಹೆಣ್ಣುಮಕ್ಕಳಿಗೆ ಅದರಲ್ಲಿ ಎರಡು ಚೌಕಗಳನ್ನು ಖಾಲಿ ಬಿಟ್ಟಿದ್ದೇನೆ. ಅವರನ್ನು ಕೊಟ್ಟ ಊರು ತಿಳಿದರೆ ಆ ಊರಿನ ಹೆಳವರ ಕಡತದಲ್ಲಿ ಸೊಸೆಯರಾಗಿ ಅವರ ಹೆಸರು ಸಿಗಬಹುದೆಂದು ನಮ್ಮ ಹೆಳವರು ಹೇಳಿದ್ದಾರೆ. ಸುತ್ತಲಿನ ಬೀಗರ ಊರುಗಳ ಪಟ್ಟಿಯನ್ನು ಮಾಡಿಕೊಂಡು ಬರುವ ಸುಗ್ಗಿಯನ್ನು ಕಾಯುತ್ತಿದ್ದೇನೆ.