ರಾಜ್ಯಶಾಸ್ತ್ರದ ದೊಡ್ಡ ಉತ್ತರ ಬರೆಯುವುದು ಹೇಗೆ?

ಪಿಯುಸಿಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ‘ಬಾಯಿಪಾಠ ಮಾಡು, ಪಾಸಾಗ್ತೀಯ’. ಪಾಸಾಗಬಹುದು, ನಿಜ. ಆದರೆ ದೊಡ್ಡ ಉತ್ತರಗಳಲ್ಲಿ ಅಂಕ ಹೋಗುವುದೂ ಇದರಿಂದಲೇ. ನಾನು ನೋಡಿದ ಉತ್ತರಗಳಲ್ಲಿ ವಿಷಯಕ್ಕೆ ಕೊರತೆ ಇರುವುದಿಲ್ಲ. ಗೊತ್ತಿದ್ದದ್ದನ್ನೆಲ್ಲ ತಂದು ಸುರಿದಿರುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿ ಇರುವುದಿಲ್ಲ.

ಹಂತ 1: ಪಠ್ಯಪುಸ್ತಕವನ್ನು ಕಥೆ ಓದಿದ ಹಾಗೆ ಒಮ್ಮೆ ಪೂರ್ತಿ ಓದಿ. ಗೆರೆ ಎಳೆಯುವುದು ಆಮೇಲೆ.

ಹಂತ 2: ಸಂವಿಧಾನದ ಒಂದು ಪ್ರತಿ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಕನ್ನಡದಲ್ಲೇ ಸಿಗುತ್ತದೆ. ಪಾಠದಲ್ಲಿ ಯಾವ ವಿಧಿ ಬಂದರೂ ಅದನ್ನು ಮೂಲದಲ್ಲೇ ಓದಿ.

ಗೈಡ್ ಬೇಡವೇ ಬೇಡ ಎನ್ನುವವಳು ನಾನು. ತೆಗೆದುಕೊಳ್ಳಲೇಬೇಕು ಅಂದರೆ ಅಂಗಡಿಯಲ್ಲೇ ಪಕ್ಷಾಂತರ ನಿಷೇಧದ ಪುಟ ತೆರೆದು ನೋಡಿ. ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಪಕ್ಷ ಒಡೆದರೆ ಅನರ್ಹತೆ ಇಲ್ಲ ಎಂದು ಈಗಲೂ ಅದರಲ್ಲಿದ್ದರೆ ವಾಪಸ್ ಇಟ್ಟುಬಿಡಿ. ಆ ವಿನಾಯಿತಿಯನ್ನು 2003ರ 91ನೇ ತಿದ್ದುಪಡಿಯೇ ತೆಗೆದುಹಾಕಿದೆ. ‘ಒಂದೇ ಗಂಟೆಯಲ್ಲಿ ಇಡೀ ಪುಸ್ತಕ’ ಎನ್ನುವ ವಿಡಿಯೊಗಳೂ ಅಷ್ಟೇ. ನೋಡುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ. ಬರೆಯಲು ಕೂತರೆ ಎರಡು ಸಾಲು ಬರುವುದಿಲ್ಲ.

ಹಂತ 3: ಎಡವುವುದು ಇಲ್ಲಿ. ‘356ನೇ ವಿಧಿ ಒಕ್ಕೂಟ ವ್ಯವಸ್ಥೆಗೆ ಅಪಾಯವೇ? ಚರ್ಚಿಸಿ’ ಎಂಬ ಪ್ರಶ್ನೆ ಬಂತು ಎಂದಿಟ್ಟುಕೊಳ್ಳಿ. ರಾಜ್ಯ ಸರ್ಕಾರವನ್ನು ಬದಿಗಿಟ್ಟು ಕೇಂದ್ರವೇ ಆಡಳಿತ ನಡೆಸುವ ರಾಷ್ಟ್ರಪತಿ ಆಳ್ವಿಕೆ ಬರುವುದು ಈ ವಿಧಿಯಿಂದ. ಹೆಚ್ಚಿನವರು ರಾಷ್ಟ್ರಪತಿ ಆಳ್ವಿಕೆ ಎಂದರೇನು, ಎಷ್ಟು ಕಾಲ ಇರಬಹುದು ಎಂದು ಬರೆದು ಪುಟ ತುಂಬಿಸುತ್ತಾರೆ. ಅದು ವಿವರಣೆ. ಅಪಾಯವೋ ಅಲ್ಲವೋ ಎಂದು ನೀವು ಹೇಳಲೇ ಇಲ್ಲ ಅಲ್ವಾ?

ಪೆನ್ನು ಎತ್ತುವ ಮೊದಲು ಕೊನೆಯ ಪುಟದಲ್ಲಿ ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಗೀಚಿಕೊಳ್ಳಿ. ಉದಾಹರಣೆಗೆ: ‘ಅಪಾಯ ಇತ್ತು, 1994ರ ನಂತರ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ.’ ಇನ್ನು ಮುಂದೆ ಬರೆಯುವ ಪ್ರತಿ ಪ್ಯಾರಾ ಈ ವಾಕ್ಯಕ್ಕೆ ಕೆಲಸ ಮಾಡಬೇಕು.

ಮೊದಲ ಪ್ಯಾರಾದಲ್ಲಿ ವಿಧಿ ಏನು ಹೇಳುತ್ತದೆ ಎಂದು ಬರೆಯಿರಿ. ರಾಜ್ಯಪಾಲರ ವರದಿಯೇ ಬೇಕು ಎಂದೇನೂ ಅಲ್ಲಿಲ್ಲ. ರಾಜ್ಯದ ಆಡಳಿತ ಸಂವಿಧಾನದ ಪ್ರಕಾರ ನಡೆಯಲಾರದು ಎಂದು ಬೇರೆ ರೀತಿಯಲ್ಲಿ ರಾಷ್ಟ್ರಪತಿಗೆ ಮನವರಿಕೆಯಾದರೂ ಸಾಕು. ಅಪಾಯ ಎನ್ನುವವರಿಗೆ ಈ ಸಡಿಲವೇ ಮೊದಲ ಆಧಾರ. ಮೂಲ ಓದಿ ಎಂದು ಹೇಳಿದ್ದು ಇದಕ್ಕೇ.

ಆಮೇಲೆ ಘಟನೆ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಕೆಲವು ಶಾಸಕರು ಬೆಂಬಲ ಹಿಂತೆಗೆದ ಪತ್ರಗಳು ರಾಜ್ಯಪಾಲರ ಕೈ ಸೇರಿದ್ದವು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿದರೂ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ತೀರ್ಮಾನವಾಗಬೇಕಾದ ಜಾಗ ಸದನ ಎಂದಿತು. ವಜಾ ಆದೇಶವನ್ನು ಕೋರ್ಟ್ ಪರಿಶೀಲಿಸಬಹುದು ಎಂದೂ ಹೇಳಿತು. ಇಷ್ಟು ಬರೆದು ಸುಮ್ನೆ ಮುಂದೆ ಹೋಗಬೇಡಿ. ‘ಹೀಗಾಗಿ ಕೇಂದ್ರದ ಕೈ ಸ್ವಲ್ಪ ಕಟ್ಟಿಹಾಕಿದಂತಾಯಿತು’ ಎಂದು ನಿಮ್ಮ ನಿಲುವಿಗೆ ಜೋಡಿಸಿ. ಈ ಒಂದು ಸಾಲನ್ನೇ ಎಲ್ಲರೂ ಬಿಟ್ಟುಬಿಡುವುದು.

ಮೂರನೆಯದು ಎದುರು ಮಾತು. ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳನ್ನು 1992ರಲ್ಲಿ ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ಅಂದರೆ ಈ ವಿಧಿಗೂ ಜಾಗವಿದೆ ಎಂದು ಕೋರ್ಟೇ ಒಪ್ಪಿದೆ. ಎದುರು ಮಾತನ್ನು ಅದರ ಪೂರ್ತಿ ಬಲದೊಂದಿಗೆ ಬರೆಯಿರಿ. ದುರ್ಬಲ ಮಾಡಿ ಬರೆದು ಹೊಡೆದುಹಾಕುವುದು ಟಿವಿ ಚರ್ಚೆಯ ಚಾಳಿ. ಅದರ ನಂತರ ನಿಮ್ಮ ನಿಲುವು ಯಾಕೆ ಉಳಿಯುತ್ತದೆ ಎಂದು ಹೇಳಿ. ಉಳಿಯದಿದ್ದರೆ ನಿಲುವನ್ನೇ ತಿದ್ದಿಕೊಳ್ಳಿ, ಅದೇನೂ ಅವಮಾನವಲ್ಲ.

ನಿಮ್ಮ ಮೆಚ್ಚಿನ ಪಕ್ಷದ ಪರವಾಗಿ ಮಾತ್ರ ಬರೆಯಬೇಡಿ. ನಿಮ್ಮ ಅಭಿಪ್ರಾಯ ಇರಲಿ, ಆದರೆ ಆಧಾರವಿಲ್ಲದ ಬೈಗುಳಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಹಂತ 4: ದಿನಾ ಇಡೀ ಪತ್ರಿಕೆ ಓದಿ ಟಿಪ್ಪಣಿ ಮಾಡುವುದು ದಂಡ. ಒಂದು ವಿಷಯ ಹಿಡಿಯಿರಿ, ಒಂದು ತಿಂಗಳು ಅದನ್ನೇ ಹಿಂಬಾಲಿಸಿ. ಒಂದು ಮಸೂದೆಯಾದರೂ ಆಗಬಹುದು, ರಾಜ್ಯಪಾಲರ ಒಂದು ತೀರ್ಮಾನವಾದರೂ ಆಗಬಹುದು.

ಹಂತ 5: ಗಡಿಯಾರ ಇಟ್ಟುಕೊಂಡು ಬರೆಯಿರಿ. ಉತ್ತರವನ್ನು ಸಹಪಾಠಿಗೆ ಕೊಟ್ಟು, ಪ್ರಶ್ನೆ ತೋರಿಸದೆ, ‘ಇದು ಯಾವ ಪ್ರಶ್ನೆಗೆ ಉತ್ತರ?’ ಎಂದು ಕೇಳಿ. ಅವರು ‘ರಾಷ್ಟ್ರಪತಿ ಆಳ್ವಿಕೆಯ ಬಗ್ಗೆ ಟಿಪ್ಪಣಿ’ ಎಂದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ, ಜೋಡಿಸುವ ಸಾಲು ಎಲ್ಲಿ ತಪ್ಪಿದೆ ಎಂದು ಹುಡುಕಿ.