ಕಾಫಿ ಕಣದ ಪಕ್ಕ ಕ್ಯಾಂಪರ್ ವ್ಯಾನ್: ನಾಪೋಕ್ಲು ಕಡೆಯಿಂದ ನನ್ನ ಅನುಭವ

ಕೊಡಗಿನಲ್ಲಿ ಸಮತಟ್ಟಾದ ಜಾಗ ಹುಡುಕಿದರೆ ಸಿಗುವುದು ಮೂರೇ: ಗದ್ದೆ, ಶಾಲೆ ಮೈದಾನ, ಕಾಫಿ ಕಣ. ಗದ್ದೆಗೆ ದೊಡ್ಡ ವ್ಯಾನ್ ಇಳಿಸಿದರೆ ಮೇಲೆತ್ತಲು ಟ್ರ್ಯಾಕ್ಟರ್ ಬೇಕು. ಮೈದಾನ ಊರಿನದು. ಉಳಿದದ್ದು ಕಣ. ನಮ್ಮದು ಹೆಚ್ಚಾಗಿ ರೊಬಸ್ಟಾ, ಮಾರ್ಚ್ ಕೊನೆಗೆ ಒಣಗಿಸುವ ಕೆಲಸ ಮುಗಿಯುತ್ತದೆ. ಆಮೇಲೆ ಡಿಸೆಂಬರ್‌ವರೆಗೆ ಕಣ ಸುಮ್ನೆ ಬಿದ್ದಿರುತ್ತದೆ, ಸಂಜೆ ಮಕ್ಕಳು ಶಟಲ್ ಆಡುವುದು ಬಿಟ್ಟರೆ. ಈಗ ಆ ಕಣದ ಪಕ್ಕದಲ್ಲಿ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್ ವ್ಯಾನ್‌ಗಳು ರಾತ್ರಿ ತಂಗುತ್ತವೆ. ಒಂದು ಸಲಕ್ಕೆ ಎರಡು, ಅದಕ್ಕಿಂತ ಜಾಸ್ತಿ ಬೇಡ ಅಂತ ಮನೆಯಲ್ಲಿ ಮೊದಲೇ ಮಾತಾಗಿದೆ.

ಇದು ಯೋಜನೆ ಹಾಕಿ ಶುರುವಾದದ್ದಲ್ಲ. 2023ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಪೋಕ್ಲುವಿನಲ್ಲಿ ನಡೆಯಿತು. ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯ, 336 ತಂಡಗಳು. ಸುತ್ತಮುತ್ತ ಎಲ್ಲೂ ಒಂದು ರೂಮು ಖಾಲಿ ಇರಲಿಲ್ಲ, ನಮ್ಮ ಹೋಮ್‌ಸ್ಟೇಯ ಎರಡು ರೂಮೂ ಭರ್ತಿ. ಆಗ ನನ್ನ ಷಡ್ಡಕನ ಸ್ನೇಹಿತರೊಬ್ಬರು ಬೆಂಗಳೂರಿನಿಂದ ಫೋನ್ ಮಾಡಿ, 'ರೂಮು ಬೇಡ ಅಣ್ಣಾ, ಟ್ರಾವೆಲರ್ ಗಾಡೀನೇ ಮನೆ ಮಾಡ್ಕೊಂಡಿದ್ದೀವಿ, ನಿಲ್ಲಿಸೋಕೆ ಜಾಗ, ಒಂದು ನಲ್ಲಿ ಇದ್ರೆ ಸಾಕು' ಅಂದರು. ಸರಿ, ಬನ್ನಿ ಅಂದೆ. ಮುಂದಿನ ವರ್ಷ ಕುಂಡ್ಯೋಳಂಡದವರ ಹಬ್ಬವೂ ನಾಪೋಕ್ಲುವಿನಲ್ಲೇ ಆಯಿತು, 360 ತಂಡ, ಗಿನ್ನೆಸ್ ದಾಖಲೆ ಬೇರೆ. ಅಷ್ಟರಲ್ಲಿ ಅವರ ಬಾಯಿಂದ ಬಾಯಿಗೆ ನಮ್ಮ ಜಾಗದ ಸುದ್ದಿ ಹೋಗಿಬಿಟ್ಟಿತ್ತು.

ಮೊದಲು ನೆಲದ ವಿಷಯ. ಕಣದ ಮೇಲೆ ನಿಲ್ಲಿಸಬೇಡಿ, ಪಕ್ಕದಲ್ಲಿ ನಿಲ್ಲಿಸಿ. ಕಣದ ಕಾಂಕ್ರೀಟು ಕಾಫಿ ಹರವಲು ಹಾಕಿದ್ದು, ತೆಳು. ನೀರಿನ ಟ್ಯಾಂಕು, ಮಂಚ, ಬ್ಯಾಟರಿ ಎಲ್ಲ ತುಂಬಿದ ವ್ಯಾನು ಮೂರ್ನಾಲ್ಕು ಟನ್ ತೂಗುತ್ತದೆ, ಅದೂ ರಾತ್ರಿಯಿಡೀ ಒಂದೇ ಕಡೆ. ಒಂದು ಸಲ ಬಿರುಕು ಬಿಟ್ಟರೆ ಆ ಸಂದಿಯಲ್ಲಿ ಕಾಫಿ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ, ಮಾರುವಾಗ ಅದರ ಬೆಲೆ ತೆರುವವರು ನಾವೇ. ಅದಕ್ಕೆ ಕಣದ ಅಂಚಿಗೆ ಹೊಂದಿಕೊಂಡಂತೆ ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಸಾಲು ಸೈಜುಗಲ್ಲು ಹಾಸಿಸಿ ಮಧ್ಯೆ ಜಲ್ಲಿ ತುಂಬಿಸಿದೆ. ಖರ್ಚು ಆದದ್ದು ಇದಕ್ಕೇ, ಉಳಿದದ್ದೆಲ್ಲ ಚಿಲ್ಲರೆ.

ಆಮೇಲೆ ಎತ್ತರ. ತೋಟದ ರಸ್ತೆಗೆ ಜೀಪು, ಪಿಕಪ್ ಲೆಕ್ಕ ಗೊತ್ತೇ ಹೊರತು ತಲೆ ಮೇಲೆ ಸೋಲಾರ್ ಪ್ಯಾನಲ್ ಹೊತ್ತ ವ್ಯಾನಿನ ಲೆಕ್ಕ ಗೊತ್ತಿಲ್ಲ. ಹಾಲುವಾಣದ ಕೊಂಬೆ, ಹಲಸಿನ ಕೊಂಬೆ, ಜೋತು ಬಿದ್ದ ಕರೆಂಟ್ ತಂತಿ. ಮಳೆಗೆ ಮುಂಚೆ ಹೇಗೂ ಮರ ಕಪಾತು ಮಾಡಿಸುತ್ತೇವಲ್ಲ, ಅದೇ ಆಳುಗಳ ಕೈಲಿ ಗೇಟಿನಿಂದ ಕಣದವರೆಗೆ ಹನ್ನೆರಡು ಅಡಿ ಎತ್ತರದವರೆಗೆ ಬಿಡಿಸಿಬಿಟ್ಟೆ. ತಂತಿ ಮಾತ್ರ ಲೈನ್‌ಮನ್ ಕೆಲಸ, ಅದಕ್ಕೆ ನಾವು ಕೈ ಹಾಕುವ ಹಾಗಿಲ್ಲ. ಲಾರಿ ಚಾಸಿ ಮೇಲೆ ಕಟ್ಟಿದ ದೊಡ್ಡ ಗಾಡಿಗಳಿಗೆ ನಾನು ಇಲ್ಲ ಅಂತಲೇ ಹೇಳುತ್ತೇನೆ. ತಿರುಗಿಸಲು ಜಾಗ ಇಲ್ಲ, ಸುಳ್ಳು ಹೇಳಿ ಕರೆಸಿಕೊಂಡು ಏನು ಮಾಡಲಿ?

ಈಗ ಯಾರೂ ಮಾತಾಡದ ವಿಷಯಕ್ಕೆ ಬರೋಣ, ಕಕ್ಕಸು. ವ್ಯಾನ್ ಜಾಗ ಅಂದರೆ ಎಲ್ಲರೂ ಬೆಟ್ಟ, ಮಂಜು, ಬೆಂಕಿ ಹಾಕುವುದು ಅಂತ ಹೇಳುತ್ತಾರೆ, ಆದರೆ ನಿಜವಾಗಿ ಜನ ನಮ್ಮಲ್ಲಿಗೆ ಬರುವುದು ಕಕ್ಕಸಿನ ಡಬ್ಬ ಖಾಲಿ ಮಾಡಲು ಒಂದು ಮರ್ಯಾದಸ್ಥ ಜಾಗ ಇದೆ ಅಂತ. ಈ ವ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಎಳೆದು ತೆಗೆಯುವ ಡಬ್ಬ ಇರುತ್ತದೆ, ಇಪ್ಪತ್ತು ಲೀಟರ್ ಆಸುಪಾಸು. ಎರಡು ಜನಕ್ಕೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಖಾಲಿ ಮಾಡಲು ಜಾಗ ಸಿಗದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಿಲ್ಲ. ನಮ್ಮ ಕಡೆ ಯಾವ ತೋಡಿಗೆ ಸುರಿದರೂ ಅದು ಕಾವೇರಿಗೇ ಹೋಗಿ ಸೇರುತ್ತದೆ.

ಹಾಗಾಗಿ ಮನೆಯ ಹಿಂದಿನ ಸೆಪ್ಟಿಕ್ ಟ್ಯಾಂಕಿಗೆ ಒಂದು ಮುಚ್ಚಳದ ಬಾಯಿ ಕೊಟ್ಟು, ಪಕ್ಕದಲ್ಲಿ ತೊಳೆಯಲು ಬೇರೆಯೇ ನಲ್ಲಿ ಹಾಕಿಸಿದೆ. ಕುಡಿಯುವ ನೀರು ಹಿಡಿಯುವ ನಲ್ಲಿ ಕಣದ ಇನ್ನೊಂದು ತುದಿಯಲ್ಲಿದೆ. ಎರಡೂ ಒಂದೇ ಕಡೆ ಇದ್ದರೆ ಯಾರೋ ಒಬ್ಬರು ಡಬ್ಬ ತೊಳೆದ ಪೈಪನ್ನೇ ನೀರಿನ ಟ್ಯಾಂಕಿಗೆ ಹಾಕುತ್ತಾರೆ, ಖಂಡಿತ. ಇನ್ನೊಂದು ಮುಖ್ಯ ವಿಷಯ, ವಾಸನೆ ಬರದಿರಲಿ ಅಂತ ಡಬ್ಬಕ್ಕೆ ನೀಲಿ ದ್ರಾವಣ ಹಾಕುತ್ತಾರಲ್ಲ, ಅದರಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಸೇರಿಸಿರುತ್ತಾರೆ. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಅದರೊಳಗಿನ ಬ್ಯಾಕ್ಟೀರಿಯಾದಿಂದ. ಅದನ್ನು ಕೊಂದರೆ ಟ್ಯಾಂಕು ಬರೀ ಗುಂಡಿ. ಬರುವ ಮುಂಚೆಯೇ ಫೋನಿನಲ್ಲಿ ಕೇಳುತ್ತೇನೆ, ನೀಲಿ ಹಾಕಿದ್ದರೆ ಇಲ್ಲಿ ಸುರಿಯಲು ಬಿಡುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಪಾತ್ರೆ ತೊಳೆದ, ಸ್ನಾನದ ನೀರಿಗೆ ಬಾಳೆ ಬುಡದಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ. ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜೂನ್ ಬಂತೆಂದರೆ ನೆಲದೊಳಗಿನ ನೀರೇ ಮೇಲೆ ಬಂದಿರುತ್ತದೆ, ಗುಂಡಿ ಇಂಗಿಸುವ ಬದಲು ಉಕ್ಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಾನು ಪೂರ್ತಿ ಮುಚ್ಚುವುದಕ್ಕೆ ಇದು ಒಂದು ಕಾರಣ. ಇನ್ನೊಂದು ರಸ್ತೆ. ಮಳೆ ಜೋರಾದರೆ ಬೊಳಿಬಾಣೆಯಲ್ಲಿ ಮೂರ್ನಾಡು ರಸ್ತೆಗೇ ಕಾವೇರಿ ನೀರು ಬರುತ್ತದೆ. 2018ರ ಆಗಸ್ಟ್ ಪ್ರವಾಹ ನೋಡಿದವರಿಗೆ ಮಳೆಗಾಲದಲ್ಲಿ ಕೊಡಗಿಗೆ ವ್ಯಾನ್ ತನ್ನಿ ಅಂತ ಹೇಳಲು ಬಾಯಿ ಬರುವುದಿಲ್ಲ. 'ಮಳೆ ನೋಡೋಕೇ ಬರ್ತೀವಿ ಸಾರ್' ಅನ್ನುವವರಿಗೆ ರೂಮು ತಗೊಳ್ಳಿ, ಕಾರಲ್ಲಿ ಬನ್ನಿ ಅನ್ನುತ್ತೇನೆ.

ಕರೆಂಟಿಗೆ 15 ಆಂಪಿಯರ್ ಸಾಕೆಟ್ ಒಂದು, ಹೊಸ ಅರ್ತಿಂಗ್, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಒಂದು ಆರ್‌ಸಿಸಿಬಿ ಸ್ವಿಚ್ಚು. ನಮ್ಮ ಹವೆಗೆ ಏಸಿ ಬೇಕಿಲ್ಲ. ಇಂಡಕ್ಷನ್ ಒಲೆ, ಗೀಸರ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ, ಆದರೂ ಹಾಕುತ್ತಾರೆ.

ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡಿ. ರಾತ್ರಿ ಹೊತ್ತು ಗೊತ್ತಿಲ್ಲದ ಗಾಡಿ ತೋಟದೊಳಗೆ ಹೋದರೆ ನಮ್ಮೂರಲ್ಲಿ ಹತ್ತು ಫೋನ್ ಬರುತ್ತವೆ. ಪಕ್ಕದ ತೋಟದ ಅಜ್ಜ ಮೊದಲು 'ಎಂಥದು ಮಾರಾಯಾ, ಆಂಬುಲೆನ್ಸಾ?' ಅಂತ ಕೇಳಿದ್ದರು. ಈಗ ಅವರೇ ಸಂಜೆ ಬಂದು ಒಳಗೆ ಹತ್ತಿ ಮಂಚ ಮಡಚುವುದು ಹೇಗೆ ಅಂತ ನೋಡಿ ಹೋಗುತ್ತಾರೆ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಹೆಂಗಸರು ಬೆಳಿಗ್ಗೆ ಅದೇ ದಾರಿಯಲ್ಲಿ ಕೆಲಸಕ್ಕೆ ಬರುತ್ತಾರೆ, ಟವೆಲ್ ಸುತ್ತಿಕೊಂಡು ಹೊರಗೆ ಹಲ್ಲುಜ್ಜಬೇಡಿ ಅಂತ ನನ್ನ ಹೆಂಡತಿ ನೇರವಾಗಿಯೇ ಹೇಳುತ್ತಾಳೆ. ವಿದೇಶದವರು ಬಂದರೆ ಹೋಮ್‌ಸ್ಟೇಗೆ ಮಾಡುವ ಹಾಗೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ (ಮೊದಲು ಸಿ ಫಾರ್ಮ್ ಅನ್ನುತ್ತಿದ್ದದ್ದು) ಸರ್ಕಾರಕ್ಕೆ ಕಳಿಸುತ್ತೇನೆ. ಗಾಡಿಯಲ್ಲಿ ಮಲಗುತ್ತಾರೆ, ರೂಮಲ್ಲಿ ಅಲ್ಲ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ.

ಹಾಕಿ ಬಿಟ್ಟರೆ ನಮ್ಮಲ್ಲಿ ವ್ಯಾನ್ ತುಂಬುವುದು ತುಲಾ ಸಂಕ್ರಮಣಕ್ಕೆ. ತಲಕಾವೇರಿ ತೀರ್ಥೋದ್ಭವದ ಹೊತ್ತು ಪ್ರತಿ ವರ್ಷ ಸುಮಾರು ಆರು ಗಂಟೆ ಮುಂದೆ ಹೋಗುತ್ತದೆ, ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ. 2023ರಲ್ಲಿ ರಾತ್ರಿ ಒಂದೂವರೆ ಹತ್ತಿರ, 2024ರಲ್ಲಿ ಬೆಳಿಗ್ಗೆ ಏಳೂ ಮುಕ್ಕಾಲು ಹತ್ತಿರ, 2025ರಲ್ಲಿ ಮಧ್ಯಾಹ್ನ. ಹೊತ್ತು ನಡುರಾತ್ರಿಗೆ ಬಂದ ವರ್ಷ ರೂಮು ಮಾಡಿದವರಿಗೆ ನಿದ್ದೆಯೂ ಇಲ್ಲ, ರೂಮಿನ ಉಪಯೋಗವೂ ಇಲ್ಲ. ಆದರೆ ವ್ಯಾನನ್ನು ಬೆಟ್ಟದವರೆಗೆ ಒಯ್ಯಬೇಡಿ. ಭಾಗಮಂಡಲದಿಂದ ಮೇಲಿನ ಎಂಟು ಕಿಲೋಮೀಟರ್‌ನಲ್ಲಿ ಆ ದಿನ ಹೋಗುವುದೂ ಕಷ್ಟ, ತಿರುಗಿಸುವುದು ಇನ್ನೂ ಕಷ್ಟ. ಇಲ್ಲೇ ನಿಲ್ಲಿಸಿ, ಭಾಗಮಂಡಲಕ್ಕೆ ಜೀಪಿನಲ್ಲಿ ಕಳಿಸುತ್ತೇನೆ, ಅಲ್ಲಿಂದ ಬಸ್ಸು. ಮಡಿಕೇರಿ ದಸರಾಕ್ಕೂ ಇದೇ ಮಾತು. ವಿಜಯದಶಮಿ ರಾತ್ರಿ ದೇವಸ್ಥಾನಗಳ ಹತ್ತು ಮಂಟಪಗಳು (ಮೆರವಣಿಗೆಯ ಸ್ತಬ್ಧಚಿತ್ರಗಳು) ಬೀದಿಗೆ ಇಳಿದ ಮೇಲೆ ಬೆಳಗಿನವರೆಗೆ ಪೇಟೆಯಲ್ಲಿ ಬೈಕ್ ನಿಲ್ಲಿಸಲೂ ಜಾಗ ಇರುವುದಿಲ್ಲ.

ಪುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಬರುವವರಿಗೆ ಮಾತ್ರ ಎರಡು ಮಾತು ಜಾಸ್ತಿ ಹೇಳುತ್ತೇನೆ. ಕದಿರು ತೆಗೆಯುವ ಹೊತ್ತಿಗೆ ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ಪಟಾಕಿ ಹೊಡೆಯುತ್ತಾರೆ. ಗೊತ್ತಿಲ್ಲದೆ ವ್ಯಾನಿನಲ್ಲಿ ಮಲಗಿದ್ದ ದಂಪತಿಯೊಬ್ಬರು ಕರಡಿಯೋ ಕಳ್ಳರೋ ಅಂತ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದರು, ಕಡೆಗೆ ಮಕ್ಕಳು ತಂಬಿಟ್ಟು ತಗೊಂಡು ಹೋಗಿ ಬಾಗಿಲು ತಟ್ಟಬೇಕಾಯಿತು. ಎರಡನೇದು, ಮಂದ್‌ನಲ್ಲಿ (ಊರು ಸೇರುವ ಬಯಲು) ಕೋಲಾಟ ನಡೆಯುವುದು ಊರವರಿಗಾಗಿ, ಟಿಕೆಟ್ ಇಟ್ಟ ಕಾರ್ಯಕ್ರಮ ಅಲ್ಲ. ಕೇಳಿ ಹೋಗಿ, ಕೇಳಿ ಫೋಟೋ ತೆಗೆಯಿರಿ, ಡ್ರೋನ್ ಮನೆಯಲ್ಲೇ ಇರಲಿ. ಹಾಗೆ ಹೋದವರನ್ನು ಊಟಕ್ಕೆ ಕೂರಿಸದೆ ಯಾರೂ ಕಳಿಸಿಲ್ಲ.

ಬರುವ ದಾರಿ ಕೇಳುವವರಿಗೆ, ಮ್ಯಾಪು ತೋರಿಸುವ ಅಡ್ಡದಾರಿ ಬಿಟ್ಟು ಮೂರ್ನಾಡು ಕಡೆಯಿಂದ ಬನ್ನಿ. ಕತ್ತಲಾಗುವ ಮುಂಚೆ ಬನ್ನಿ. ವಯನಾಡಿನಿಂದ ಬರುವವರು ಕುಟ್ಟದಿಂದ ನಾಗರಹೊಳೆ ಕಾಡಿನೊಳಗೆ ಹೋಗುವ ರಸ್ತೆ ಸಂಜೆ ಮೇಲೆ ಮುಚ್ಚಿರುತ್ತದೆ ಅನ್ನುವುದು ನೆನಪಿಟ್ಟುಕೊಳ್ಳಿ. ಸಿದ್ದಾಪುರ, ಅಮ್ಮತ್ತಿ ಕಡೆ ಸಂಜೆ ಮೇಲೆ ಆನೆ ರಸ್ತೆಗೆ ಬರುತ್ತದೆ, ಹಲಸಿನ ಕಾಲದಲ್ಲಂತೂ ಕೇಳಲೇಬೇಡಿ. ವ್ಯಾನಿನ ಹೊರಗೆ ಹಲಸಿನ ಹಣ್ಣು ಕೊಯ್ದು ಇಟ್ಟು ಮಲಗುವ ಧೈರ್ಯ ಮಾಡಬೇಡಿ.

ನಾನು ಒಂದು ರಾತ್ರಿಗೆ 600 ರೂಪಾಯಿ ತಗೊಳ್ಳುತ್ತೇನೆ, ಕರೆಂಟು ಸೇರಿ. ಇದರಲ್ಲಿ ಶ್ರೀಮಂತರಾಗುವುದಿಲ್ಲ. ಆದರೆ ವ್ಯಾನಿನವರು ಅಡುಗೆ ಮಾಡಿಕೊಳ್ಳುವವರು, ಅದಕ್ಕೇ ಪೇಟೆಗೆ ಹೋಗುತ್ತಾರೆ. ಮೀನು, ಹಂದಿ ಮಾಂಸ, ತರಕಾರಿ, ಕಾಚಂಪುಳಿ (ಮಾಂಸದಡುಗೆಗೆ ಹಾಕುವ ನಮ್ಮ ಕಡೆಯ ಹುಳಿ), ಗ್ಯಾಸು, ಲಾಂಡ್ರಿ. ರೆಸಾರ್ಟಿಗೆ ಬಂದವರು ಗೇಟಿನೊಳಗೆ ಹೋದರೆ ಮತ್ತೆ ಕಾಣುವುದು ವಾಪಸ್ ಹೋಗುವಾಗ. ಮಡಿಕೇರಿ ಶುಕ್ರವಾರದ ಸಂತೆ ಹೇಳಿಕೊಟ್ಟರೆ ಅದಕ್ಕಾಗಿಯೇ ಒಂದು ದಿನ ಜಾಸ್ತಿ ಉಳಿಯುವವರಿದ್ದಾರೆ.

ಆಸ್ಟ್ರೇಲಿಯಾದಲ್ಲಿ ಕ್ಯಾಂಪರ್ ವ್ಯಾನಿನವರ ಸಂಘವೇ ಊರುಗಳಿಗೆ 'ಆರ್‌ವಿ ಫ್ರೆಂಡ್ಲಿ ಟೌನ್', ಅಂದರೆ ಇಂಥ ವ್ಯಾನ್‌ಗಳಿಗೆ ಅನುಕೂಲವಾದ ಊರು, ಅಂತ ಬೋರ್ಡು ಕೊಡುತ್ತದೆ. ಕೇಳುವುದು ಏನು ಮಹಾ? ಪೇಟೆ ಹತ್ತಿರ ಗಾಡಿ ನಿಲ್ಲಿಸಲು, ಕಡಿಮೆ ದುಡ್ಡಿನಲ್ಲಿ ರಾತ್ರಿ ತಂಗಲು ಜಾಗ, ಕುಡಿಯುವ ನೀರು, ಡಬ್ಬ ಖಾಲಿ ಮಾಡುವ ವ್ಯವಸ್ಥೆ, ಅಂಗಡಿಗಳು. ಪಕ್ಕದ ಕೇರಳ 2021ರಲ್ಲೇ ಕ್ಯಾರವಾನ್ ನೀತಿ ತಂದಿತು, ಮರುವರ್ಷ ವಾಗಮಣ್‌ನಲ್ಲಿ ಪಾರ್ಕು ಶುರುವಾಯಿತು. ನನಗೆ ಪಾರ್ಕಿನ ಆಸೆ ಇಲ್ಲ. ನಮ್ಮಂಥ ಊರಿಗೆ ಗೇಟು, ಕಮಾನು, ಲೈಟಿನ ಸರ ಬೇಡ, ಆಸ್ಟ್ರೇಲಿಯಾದವರ ಪಟ್ಟಿಯಲ್ಲಿ ನಮ್ಮಲ್ಲಿ ಇಲ್ಲದಿರುವುದು ಒಂದೇ, ಆ ಡಬ್ಬ ಸುರಿಯುವ ಬಾಯಿ. ಸಾರ್ವಜನಿಕ ಶೌಚಾಲಯದ ಸೆಪ್ಟಿಕ್ ಟ್ಯಾಂಕಿಗೆ ಮುಚ್ಚಳದ ಒಂದು ಬಾಯಿ, ಪಕ್ಕದಲ್ಲಿ ಒಂದು ನಲ್ಲಿ, ಅಷ್ಟು ಮಾಡಿಕೊಟ್ಟರೆ ಸಾಕು ಅಂತ ಪಂಚಾಯಿತಿ ಸದಸ್ಯರೊಬ್ಬರಿಗೆ ಹೇಳಿದೆ. 'ಬಾಯಲ್ಲಿ ಹೇಳಿದ್ರೆ ಆಗಲ್ಲ, ಬರೆದು ಕೊಡಿ' ಅಂದರು. ಬರೆದು, ನಕ್ಷೆ ಹಾಕಿ, ಅಂದಾಜು ಖರ್ಚು ಸೇರಿಸಿ ಕೊಟ್ಟಿದ್ದೇವೆ. ಪೇಟೆಯ ಇಬ್ಬರು ಅಂಗಡಿಯವರೂ ಸಹಿ ಹಾಕಿದ್ದಾರೆ.