ಟ್ರೇಲರ್ ಎಳೆಯುವ ಪಿಕಪ್: ಬ್ರೋಷರ್ ಬಿಡಿ, ಬಾಗಿಲ ಸ್ಟಿಕ್ಕರ್ ಓದಿ

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ಎಳೆಯಲು ಪಿಕಪ್ ನೋಡಲು ಹೋದರೆ ಡೀಲರ್ ಮೊದಲು ಹೇಳುವುದು ‘11,000 ಪೌಂಡ್ ಎಳೆಯುತ್ತೆ’ ಅಂತ. ಸುಳ್ಳೇನಲ್ಲ. ಆದರೆ ಹಾಫ್-ಟನ್, ಅಂದರೆ ಎಫ್-150ಯಂಥ ಸಾಮಾನ್ಯ ದರ್ಜೆಯ ಟ್ರಕ್ಕುಗಳಲ್ಲಿ ಆ ಮಿತಿ ಮುಟ್ಟುವ ಎಷ್ಟೋ ಮೊದಲೇ ಪೇಲೋಡ್ (ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ) ಮುಗಿದುಹೋಗಿರುತ್ತದೆ. ಎಳೆಯುವ ಭಾರ ಆಮೇಲೆ, ಹೊರುವ ಭಾರ ಮೊದಲು.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರ್ ಒತ್ತಡದ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲೇ ಬರೆದಿರುತ್ತದೆ. ಒಂದೇ ಮಾಡೆಲ್ ಆದರೂ ಸನ್‌ರೂಫ್, ಫೋರ್ ವೀಲ್ ಡ್ರೈವ್, ದೊಡ್ಡ ಕ್ಯಾಬ್ ಸೇರಿದಷ್ಟೂ ಈ ಸಂಖ್ಯೆ ಇಳಿಯುತ್ತದೆ. ಹಾಗಾಗಿ ನೀವು ಕೊಳ್ಳಲಿರುವ ಆ ಗಾಡಿಯದೇ ಸ್ಟಿಕ್ಕರ್ ನೋಡಬೇಕು.

ಅದರಲ್ಲಿ 1,600 ಪೌಂಡ್ ಇದೆ ಅಂದುಕೊಳ್ಳಿ. ಟ್ರೇಲರ್‌ನ ಜಿವಿಡಬ್ಲ್ಯುಆರ್ (ಎಲ್ಲ ತುಂಬಿದ ಮೇಲೆ ಮೀರಬಾರದ ಒಟ್ಟು ತೂಕ) 7,000. ಖಾಲಿ ತೂಕ ಹಿಡಿದು ಲೆಕ್ಕ ಹಾಕಬೇಡಿ: 40 ಗ್ಯಾಲನ್ ನೀರೇ 330 ಪೌಂಡ್ ದಾಟುತ್ತದೆ, ಗ್ಯಾಸ್ ಸಿಲಿಂಡರ್ ಮತ್ತು ಬ್ಯಾಟರಿ ಕೂರುವುದು ಟ್ರೇಲರ್‌ನ ಮೂತಿಯ ಮೇಲೆ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಹಿಚ್ (ಟ್ರೇಲರ್ ಜೋಡಿಸುವ ಕೊಂಡಿ) ಮೇಲೆ ಬೀಳಬೇಕು, ಅದನ್ನು ಹೊರುವುದು ಟ್ರಕ್ಕೇ. ಶೇ. 13 ಹಿಡಿದರೆ 910. ನಾಲ್ಕು ಜನ 600, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಸ್ಪ್ರಿಂಗ್ ಬಾರ್‌ಗಳಿಂದ ಹಿಚ್ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ) 100, ಹಿಂದಿನ ಬೆಡ್‌ನಲ್ಲಿ ಜನರೇಟರ್, ಸೈಕಲ್ಲು 200. ಒಟ್ಟು 1,810. ಬ್ರೋಷರ್ ಪ್ರಕಾರ ಇನ್ನೂ 4,000 ಪೌಂಡ್ ಬಾಕಿ, ಸ್ಟಿಕ್ಕರ್ ಪ್ರಕಾರ 210 ಹೆಚ್ಚು.

ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮತ್ತು ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಕೆಲವರು ಸಾಮಾನನ್ನು ಟ್ರೇಲರ್‌ನ ಹಿಂಬದಿಗೆ ತಳ್ಳಿ ಹಿಚ್ ಭಾರ ಇಳಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಶೇ. 10ಕ್ಕಿಂತ ಕೆಳಗಿಳಿದರೆ ಹೈವೇ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಏರ್‌ಬ್ಯಾಗ್ ಸಸ್ಪೆನ್ಷನ್ ಹಾಕಿಸಿದರೆ ಟ್ರಕ್ ಮಟ್ಟಸವಾಗಿ ಕಾಣುತ್ತದೆ ಅಷ್ಟೆ, ಮಿತಿ ಏರುವುದಿಲ್ಲ.

ಇಂಥ ಲೆಕ್ಕ ಬಂದರೆ ಚಿಕ್ಕ ಟ್ರೇಲರ್, ಇಲ್ಲವೇ ಫೋರ್ಡ್ ಎಫ್-250, ರ‍್ಯಾಮ್ 2500 ದರ್ಜೆಯ ಮುಕ್ಕಾಲು ಟನ್ ಟ್ರಕ್. ಅಲ್ಲೂ ಡೀಸೆಲ್ ಅಂತ ಕಣ್ಣುಮುಚ್ಚಿ ಕೊಳ್ಳಬೇಡಿ. ಡೀಸೆಲ್ ಎಂಜಿನ್ನಿನ ತೂಕ ಪೇಲೋಡನ್ನೇ ತಿನ್ನುತ್ತದೆ. ಕೊಲೊರಾಡೊದಂಥ ಕಡೆ ಘಾಟಿ ಇಳಿಯುವಾಗ ಅದರ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಇಳಿಸುವ ವ್ಯವಸ್ಥೆ) ಮಾತ್ರ ನಿಜಕ್ಕೂ ದೊಡ್ಡ ಉಪಕಾರ. ಪೆಟ್ರೋಲ್‌ನಲ್ಲಾದರೆ ಎತ್ತರದಲ್ಲಿ ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ. ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತಬೇಕು ಎಂಬುದು) 3.31ಕ್ಕಿಂತ 3.73 ಎಳೆಯುವುದಕ್ಕೆ ಒಳ್ಳೆಯದು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಉದ್ದವಿದ್ದಷ್ಟೂ ಗಾಡಿ ನೆಟ್ಟಗೆ ಓಡುತ್ತದೆ.

ಹಿಚ್ ರಿಸೀವರ್ (ಟ್ರಕ್ಕಿನ ಹಿಂದೆ ಹಿಚ್ ತೂರಿಸುವ ಚೌಕ ಕೊಳವೆ) ಮೇಲೂ ಒಂದು ಸ್ಟಿಕ್ಕರ್ ಇರುತ್ತದೆ, ಬಗ್ಗಿ ಓದಿ. ಹಲವು ಹಾಫ್-ಟನ್‌ಗಳಲ್ಲಿ ವೇಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ ಮಿತಿ 5,000 ಪೌಂಡ್, ಹಿಚ್ ಮೇಲೆ 500 ಮಾತ್ರ. ಟ್ರೇಲರ್‌ನ ದೀಪ, ಬ್ರೇಕಿಗೆ ವಿದ್ಯುತ್ ಕೊಡುವ ಏಳು ಪಿನ್ನಿನ ಸಾಕೆಟ್, ಟ್ರೇಲರ್ ಬ್ರೇಕನ್ನು ನಿಯಂತ್ರಿಸುವ ಕಂಪನಿಯದೇ ಬ್ರೇಕ್ ಕಂಟ್ರೋಲರ್ ಇರುವ ಗಾಡಿಯೇ ಸರಿ. ಟ್ರೇಲರ್ ತೂರಾಡಿದರೆ ಕಾಲಿನ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು, ಆ ಕಂಟ್ರೋಲರ್‌ನ ಕೈಯಿಂದ ಒತ್ತುವ ಲಿವರ್‌ನಿಂದ ಟ್ರೇಲರ್ ಬ್ರೇಕನ್ನಷ್ಟೇ ಹಿಡಿಯಬೇಕು.

ಟ್ರಕ್ ಮನೆಗೆ ಬಂದ ಮೇಲೆ ಸಾಮಾನು, ಜನ, ನೀರು ಎಲ್ಲ ತುಂಬಿಸಿ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ನಲ್ಲಿ (ಆಕ್ಸಲ್‌ಗಳ ಭಾರ ಬೇರೆ ಬೇರೆ ತೋರಿಸುವ ತೂಕದ ಕಟ್ಟೆ) ಮೂರು ಸಲ ತೂಗಿಸಿ: ಸ್ಪ್ರಿಂಗ್ ಬಾರ್ ಬಿಗಿದು, ಬಾರ್ ಬಿಚ್ಚಿ, ಕೊನೆಗೆ ಟ್ರಕ್ ಒಂದನ್ನೇ. ಎರಡನೆಯ ಚೀಟಿಯ ಟ್ರಕ್ ಆಕ್ಸಲ್‌ಗಳ ಮೊತ್ತದಿಂದ ಮೂರನೆಯದನ್ನು ಕಳೆದರೆ ಹಿಚ್ ಮೇಲಿನ ನಿಜವಾದ ಭಾರ. ಮೊದಲ ಚೀಟಿಯಲ್ಲಿ ಹಿಂದಿನ ಆಕ್ಸಲ್ ಬಾಗಿಲ ಬಳಿಯ ಇನ್ನೊಂದು ಸ್ಟಿಕ್ಕರಿನಲ್ಲಿರುವ ಆಕ್ಸಲ್ ಮಿತಿಯೊಳಗಿದೆಯೇ ನೋಡಿ.